ಮೈದುನನ ಬೀಗ, ಅತ್ತೆಯ ಕವಡೆ

ಸಾಕ್ಷಾತ್ ದೇವರೇ ಬಂದು ನಮ್ಮ ಮನೆಯ ಬೆಲ್ ಒತ್ತಿದರೂ ನನ್ನ ಮೈದುನ ಗುರುತಿನ ಚೀಟಿ ನೋಡದೆ ಒಳಗೆ ಬಿಡುವವನಲ್ಲ! ಇದು ಅತಿಯಾಯಿತು ಎನ್ನುವವರು ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಅವನ ಅತ್ತಿಗೆಯಾಗಿ ಆರು ವರ್ಷ ಬಾಳಿ ನೋಡಬೇಕಿತ್ತು.

ಒಂದು ಸಂಜೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದು ಮೊಣಕೈಯಿಂದ ಬೆಲ್ ಒತ್ತಿದೆ.

“ಯಾರು?”

“ನಾನು ಕಣೋ.”

“‘ನಾನು’ ಅಂತ ಯಾರು ಬೇಕಾದ್ರೂ ಹೇಳ್ಬಹುದು. ನಿನ್ನೆ ಹುಳಿಗೆ ಏನು ಹಾಕಿದ್ರಿ?”

“ಸೀಮೆಬದನೆಕಾಯಿ! ಬಾಗಿಲು ತೆಗೀತೀಯೋ, ಇಲ್ಲಾ ಅದ್ರಲ್ಲೇ ತಲೆ ಮೇಲೆ ಕುಟ್ಲೋ?”

“ಉತ್ತರ ಸರಿಯಾಗಿದೆ” ಎಂದು ಬಾಗಿಲು ತೆಗೆದ ಪುಣ್ಯಾತ್ಮ. ಚೀಲ ಮಾತ್ರ ಇಸಿದುಕೊಳ್ಳಲಿಲ್ಲ.

ಪಾಪ, ತಪ್ಪು ಅವನದಲ್ಲ, ಅವನ ಕೆಲಸದ್ದು. ಇದು ತೊಂಬತ್ತರ ದಶಕದ ಕೊನೆಯ ಮಾತು. ಬ್ಯಾಂಕಿನ ಕಾಯಂ ನೌಕರಿ ಬಿಟ್ಟು, ಜೆ.ಪಿ. ನಗರದಲ್ಲಿ ಒಂದು ಬೇಕರಿಯ ಮಹಡಿ ಮೇಲಿದ್ದ ಎಂಟು ಜನರ ಕಂಪನಿಗೆ ಸೇರಿದ್ದ. ಇಂಟರ್‌ನೆಟ್ಟಿನಲ್ಲಿ ನಮ್ಮ ಕಂಪ್ಯೂಟರಿಗೂ ಎಲ್ಲೋ ದೂರದ ವೆಬ್ ಸರ್ವರಿಗೂ ನಡೆಯುವ ಮಾತು ದಾರಿಯಲ್ಲಿ ಯಾರ ಕಿವಿಗೂ ಬೀಳದಂತೆ ಬೀಗ ಹಾಕುವ ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, ಬರೆಯುವುದು ಅವನ ಕೆಲಸ. ಗಟ್ಟಿ ಬೀಗಗಳನ್ನೆಲ್ಲ ಅಮೆರಿಕದವರು ತಾವೇ ಇಟ್ಟುಕೊಂಡು ಹೊರಗಿನವರಿಗೆ ಆಟಿಕೆ ಬೀಗ ಕೊಡುತ್ತಿದ್ದ ಕಾಲ ಅದು. “ನಮ್ಮ ಬೀಗ ನಾವೇ ಮಾಡ್ಕೋತೀವಿ ಅತ್ತಿಗೆ, ಸಖತ್ತಾಗಿ ಮಾಡ್ತೀವಿ!” ಎಂದು ಅವನು ಕಾಫಿ ಲೋಟ ಕುಟ್ಟಿ ಹೇಳಿದರೆ ನನಗೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಆ ತಿಂಗಳು ಮುಗಿಯುವುದರೊಳಗೆ ಬೀಗ ಪರೀಕ್ಷೆಯಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ಕಂಪನಿ ಆ ಕೆಲಸವನ್ನೇ ನಿಲ್ಲಿಸುತ್ತದೆ, ಇವನು ಮನೆಗೆ! ಬಿಟ್ಟು ಬಂದ ಬ್ಯಾಂಕು ಮತ್ತೆ ಕರೆಯುತ್ತದೆಯೇ?

ಈ ಆತಂಕದ ನಡುವೆಯೇ ಗಿರಿನಗರಕ್ಕೆ ಹೆಣ್ಣು ನೋಡಲು ಹೋದೆವು. ಐದನೆಯ ಹೆಣ್ಣು. ಹುಡುಗಿಯ ತಂದೆ ಕೇಸರಿಬಾತಿನ ತಟ್ಟೆ ಮುಂದೆ ತಳ್ಳುತ್ತಾ, “ನಮ್ ಹುಡುಗಿ ಅಪ್ಪಟ ಬಂಗಾರ” ಎಂದರು. ಯಾವ ಅಪ್ಪ ಹಾಗನ್ನುವುದಿಲ್ಲ ಹೇಳಿ? ತಲೆಯಾಡಿಸಿ ಕೇಸರಿಬಾತು ತಿನ್ನುವುದು ತಾನೇ ಲೋಕರೂಢಿ?

“ತಪ್ಪು ತಿಳ್ಕೋಬೇಡಿ ಸಾರ್” ಎಂದ ನಮ್ಮ ವೀರ. “ಇದು ತನ್ನ ಸರ್ಟಿಫಿಕೇಟಿಗೆ ತಾನೇ ಸೈನ್ ಹಾಕ್ಕೊಂಡ ಹಾಗಾಯ್ತು. ನಾನು ಒಳ್ಳೆಯವನು ಅಂತ ಸರ್ವರ್ರೇ ಹೇಳಿದ್ರೆ ನಾವು ನಂಬಲ್ಲ. ಇಬ್ರೂ ನಂಬೋ ಮೂರನೆಯವರು ಹೇಳ್ಬೇಕು.”

“ಏನಂದ್ರಿ? ನನ್ನ ಮಗಳಿಗೆ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕಾ?”

ಕಾಫಿ ಬರಲೇ ಇಲ್ಲ! ವಾಪಸು ಬರುವಾಗ ಆಟೋದಲ್ಲಿ ನಾನು ಮುಖ ಹೊರಗೆ ತಿರುಗಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಮ್ಮ ಅತ್ತೆ ಮಾತ್ರ ಮನೆ ಬರುವವರೆಗೂ ಬೆರಳು ಮಡಚಿ, ಕೈತಪ್ಪಿದ ಐದು ಹೆಣ್ಣುಗಳನ್ನು ಎಣಿಸುತ್ತಾ ಕೂತಿದ್ದರು.

ಅದಾದ ಮೇಲೆ ಶುರುವಾಯಿತು ನೋಡಿ, ಕವಡೆ ಪುರಾಣ. ಬೀಗಕ್ಕೆ ಕೀಲಿ ಬೇಕಲ್ಲ? ಆ ಕೀಲಿಯನ್ನು ಯಾರೂ ಊಹಿಸಲಾಗದ ಅಂಕಿಗಳಿಂದ ಮಾಡಬೇಕಂತೆ. “ಮೆಷಿನ್ ಕೊಡೋ ನಂಬರ್ ನಂಬೋ ಹಾಗಿಲ್ಲ ಅತ್ತಿಗೆ. ಅಡ್ಡಾದಿಡ್ಡಿ ನಂಬರ್ ಬೇಕು, ಅಪ್ಪಟ ಅಡ್ಡಾದಿಡ್ಡಿ!” ಎಂದು ಮನೆಯೆಲ್ಲ ಸುತ್ತಿದವನ ಕಣ್ಣಿಗೆ ಅತ್ತೆಯ ಚೌಕಾಬಾರದ ಕವಡೆ ಬಿದ್ದವು. ಕುಣಿದೇ ಬಿಟ್ಟ! ನಾಲ್ಕು ಕವಡೆ ಎಸೆದರೆ ಅಂಗಾತ ಬಿದ್ದವುಗಳನ್ನು ಎಣಿಸಿ ಒಂದು, ಎರಡು, ಮೂರು, ನಾಲ್ಕು; ಎಲ್ಲವೂ ಬೋರಲು ಬಿದ್ದರೆ ಎಂಟು. ಮುಂದೇನು ಬೀಳುತ್ತದೆಂದು ಬ್ರಹ್ಮನಿಗೂ ತಿಳಿಯದು.

“ಅಮ್ಮ, ಎಸೆದು ಬರ್ಕೋತಾ ಹೋಗು. ಐನೂರು ಸಲ.”

“ಐನೂರಾ? ಅಷ್ಟು ಹೂವು ದೇವರ ತಲೆ ಮೇಲೆ ಹಾಕಿದ್ರೂ ಪುಣ್ಯ ಬರ್ತಿತ್ತಲ್ಲೋ!”

ಅಂದರೂ ಅತ್ತೆ ನಾಲ್ಕು ಮಧ್ಯಾಹ್ನ ನಡುಮನೆಯಲ್ಲಿ ಕಾಲು ಚಾಚಿ ಕೂತು ಕವಡೆ ಎಸೆದರು. ಗುಂಡುಗುಂಡಾದ ಕನ್ನಡ ಅಂಕಿಗಳಲ್ಲಿ ನೋಟ್‌ಬುಕ್ ತುಂಬಿಸಿದರು. ಪಕ್ಕದ ಮನೆಯವರು ಕಾಂಪೌಂಡಿನಿಂದ ಕರೆದರೆ, “ಆಮೇಲೆ ಬರ್ತೀನಿ ರೀ, ಆಫೀಸ್ ಕೆಲಸದಲ್ಲಿದೀನಿ” ಎನ್ನುವಷ್ಟು ಗತ್ತು ಬಂದುಬಿಟ್ಟಿತ್ತು! ಮಗರಾಯ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಕಂಪ್ಯೂಟರಿಗೆ ತುಂಬಿ, ಕೀಲಿ ಮಾಡಿ, ಪರೀಕ್ಷೆಗೆ ಒಯ್ದ.

ಶನಿವಾರ ಮಧ್ಯಾಹ್ನಕ್ಕೇ ಇಂಗು ತಿಂದ ಮಂಗನಂತೆ ವಾಪಸು ಬಂದ.

“ಟೆಸ್ಟ್ ಮಾಡೋ ಮೇಡಂ ಕೇಳಿದ್ರು ಅತ್ತಿಗೆ, ಐನೂರರಲ್ಲಿ ಒಂದಾದ್ರೂ ಒಂದು ಇಲ್ವಲ್ಲ ಅಂತ.”

“ಒಂದಾದ್ರೂ ಒಂದು ಏನು?”

“ಒಂದು! ಒಂದು ಅನ್ನೋ ಅಂಕಿ! ಒಂದೇ ಒಂದು ಒಂದೂ ಇಲ್ಲ!”

ನಗು ಉಕ್ಕಿ ಬಂತು. ಆದರೆ ಅವನ ಕಣ್ಣಂಚಿನಲ್ಲಿ ನೀರು ಕಂಡು ನುಂಗಿಕೊಂಡೆ. ಅಂಕಿಗಳಿಗೆ ಯಾರದೋ ಕೈ ತಾಗಿದೆ, ಇಂಥ ಕೀಲಿಯ ಬೀಗವನ್ನು ನಂಬುವಂತಿಲ್ಲ ಎಂದುಬಿಟ್ಟಿದ್ದರು ಆ ಮೇಡಂ. ಸೋಮವಾರ ಕೊನೆಯ ಅವಕಾಶ.

ಅವನು ನೋಟ್‌ಬುಕ್ ಹಿಡಿದು ಅತ್ತೆಯ ಮುಂದೆ ನಿಂತ. “ಅಮ್ಮ, ಒಂದು ಬೀಳಲೇ ಇಲ್ವಾ?”

“ಬೀಳದೆ ಏನು? ಬೇಕಾದಷ್ಟು ಬಿತ್ತು.”

“ಮತ್ಯಾಕೆ ಬರೀಲಿಲ್ಲ?”

ಅತ್ತೆ ತಲೆ ತಗ್ಗಿಸಿದರು. “ಒಂಟಿ ಸೀನಿದ್ರೇನೇ ಹೊರಡಬಾರ್ದು ಅಂತಾರೆ. ನಿನ್ನ ಕೆಲಸಕ್ಕೆ ಅಂತ ಕೂತು ಒಂಟಿ ಅಂಕಿ ಬರೀಲಾ? ನನ್ನ ಮಗ ಒಂಟಿಯಾಗಿರೋದು ಸಾಲ್ದು ಅಂತ ಅದನ್ನ ನನ್ನ ಕೈಯಾರೆ ಬೇರೆ ಬರೀಬೇಕಾ? ಬಿದ್ದಾಗೆಲ್ಲ ಅದನ್ನ ಬಿಟ್ಟು ಇನ್ನೊಂದ್ಸಲ ಎಸ್ದೆ ಕಣೋ.”

ನನ್ನ ನಗುವೆಲ್ಲ ಎಲ್ಲಿಗೆ ಹೋಯಿತೋ! ಈಗ ಕೂಗಾಡುತ್ತಾನೆ ಎಂದುಕೊಂಡೆ. ಅವನು ಕೂಗಾಡಲಿಲ್ಲ. ಶೂ ಬಿಚ್ಚಿಟ್ಟು ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತ.

“ಈ ಸಲ ಒಂದು ಬಿದ್ರೆ ಬರ್ಕೊಳ್ಳಮ್ಮ. ನೀನು ಪಕ್ಕದಲ್ಲಿರೋವಾಗ ನಾನೆಲ್ಲಿ ಒಂಟಿ?”

ಸೋಮವಾರ ಮಾಡ್ಯೂಲ್ ಪಾಸಾಯಿತು, ಕೆಲಸವೂ ಉಳಿಯಿತು, ಅದಿರಲಿ ಬಿಡಿ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಶನಿವಾರ. ಅತ್ತೆ ಕವಡೆ ಎಸೆದರು. ಒಂದು ಬಿತ್ತು. ಮಗನ ಮುಖ ನೋಡಿದರು, ಅವನು ತಲೆಯಾಡಿಸಿದ. ಅವರು ನಿಧಾನವಾಗಿ ೧ ಎಂದು ಬರೆದು, ಪೆನ್ನು ಕೆಳಗಿಟ್ಟು, ಅವನ ತಲೆ ಸವರಿದರು.