ಬೀಳ್ಕೊಡುಗೆಯ ಪೋಸ್ಟರ್

ಬೀಳ್ಕೊಡುಗೆಯ ಪೋಸ್ಟರನ್ನು ಹೊರಟು ನಿಂತವನೇ ಮಾಡಬೇಕಾಗಿ ಬಂದದ್ದೇ ಈ ಎಡವಟ್ಟಿಗೆಲ್ಲ ಮೂಲ. ಇಡೀ ಆಫೀಸಿನಲ್ಲಿ ಪೋಸ್ಟರ್ ಮಾಡಬಲ್ಲವನು ಅವನೊಬ್ಬನೇ. ಅವನೇ ಹೋಗುತ್ತೇನೆಂದರೆ ಇನ್ನು ಯಾರು ತಾನೇ ಮಾಡಬೇಕು?

ಸೊಟ್ಟ ಗೆರೆ ಕಂಡರೆ ಊಟ ಸೇರದ ಪ್ರಾಣಿಯಾದ್ದರಿಂದ ಎಲ್ಲರೂ ಅವನನ್ನು ಗೆರೆಯಣ್ಣ ಅನ್ನುತ್ತಿದ್ದರು. ಹನ್ನೆರಡು ವರ್ಷ ಅವನು ಬಟ್ಟೆ ಸೋಪಿನ ಪುಡಿಯ ಪೊಟ್ಟಣದ ಮೇಲೆ ‘ಹೊಸತು!’ ಎಂಬ ಹಳದಿ ನಕ್ಷತ್ರ ಬರೆದಿದ್ದ. ನಕ್ಷತ್ರ ಮೂಲೆಯಿಂದ ಮೂಲೆಗೆ ಸರಿಯಿತೇ ಹೊರತು ಪುಡಿ ಮಾತ್ರ ಅದೇ ಹಳೆಯದು. ಸಾಕಪ್ಪಾ ಸಾಕು ಎಂದು ರಾಜೀನಾಮೆ ಕೊಟ್ಟು, ತನ್ನದೇ ಸ್ಟುಡಿಯೋ ತೆರೆಯಲು ಒಬ್ಬ ಅಜ್ಜಿಯ ಮಹಡಿ ಕೋಣೆ ಗೊತ್ತುಮಾಡಿಕೊಂಡಿದ್ದ. ಆ ಕೋಣೆಗೊಂದು ದೊಡ್ಡ ಕಿಟಕಿ, ಕಿಟಕಿಯಾಚೆ ಮರ. ಎಲೆಗಳ ನೆರಳು ಒಳಗಿನ ಮೇಜಿನ ಮೇಲೆ ಮೀನಿನ ಹಾಗೆ ಈಜಾಡುತ್ತಿತ್ತು. ಅಲ್ಲಿ ಕೂತು ತನಗೆ ಬೇಕಾದ ಬಣ್ಣ ಕಲಸುವುದನ್ನು ನೆನೆದರೆ ಸಾಕು, ಅವನ ಮೈಯೆಲ್ಲ ಹಗುರಾಗುತ್ತಿತ್ತು.

ಅಜ್ಜಿ ಮಾತ್ರ ಖಡಾಖಂಡಿತ. “ಇವತ್ತು ಐದು ಗಂಟೆ ಒಳಗೆ ಬಂದು ಬೀಗದ ಕೈ ತಗೋ ಮಗಾ. ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಬೈಕೋಬೇಡ.”

ಇತ್ತ ಸಿಬ್ಬಂದಿ ವಿಭಾಗದ ಮೇಡಂ, “ಪೋಸ್ಟರ್ ಮುಗಿಸಿ, ಆಮೇಲೆ ಬಿಡುಗಡೆ ಪತ್ರ,” ಅಂದಿದ್ದರು. ಹತ್ತು ಗಂಟೆಗೆಲ್ಲ ಗೆರೆಯಣ್ಣ ಮುಗಿಸಿದ. ಮೇಲೆ ತನ್ನ ಫೋಟೋ, ಕೆಳಗೆ ‘ಹೋಗಿ ಬನ್ನಿ’.

“ಅಯ್ಯೋ, ‘ಹೋಗಿ ಬನ್ನಿ’ ಅಂದ್ರೆ ನಂಗೆ ಅಳುನೇ ಬರತ್ತೆ,” ಅಂದರು ಮೇಡಂ. “ಅದನ್ನ ತೆಗ್ದು, ಮುಂದೇನು ಮಾಡ್ತೀರಿ ಅಂತ ಖುಷಿಯಾಗಿ ಹಾಕಿ.”

ಆಗಲ್ಲ ಅನ್ನಬಹುದಿತ್ತು. ಆದರೆ ಹನ್ನೆರಡು ವರ್ಷದ ನೌಕರಿಯಲ್ಲಿ ಅವನ ನಾಲಿಗೆಗೆ ಆ ಪದದ ಅಭ್ಯಾಸವೇ ತಪ್ಪಿಹೋಗಿತ್ತು. ‘ಸ್ವತಂತ್ರ ಸ್ಟುಡಿಯೋ, ಇಂದಿನಿಂದ ಆರಂಭ’ ಎಂದು ಬರೆದು, ಸುತ್ತಲೂ ಎಲೆಗಳ ನೆರಳನ್ನು ಬಿಡಿಸಿದ. ಬಿಡಿಸುತ್ತ ಬಿಡಿಸುತ್ತ ಅರ್ಧ ಗಂಟೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಾರಾಟ ವಿಭಾಗದವನು ಹೆಗಲ ಮೇಲಿಂದ ಇಣುಕಿದ. “ವಿಳಾಸ ಇಲ್ದೆ ನಾವು ಬರೋದು ಹೇಗಣ್ಣಾ?” ವಿಳಾಸವೂ ಸೇರಿತು.

ಎರಡು ಗಂಟೆಗೆ ಮ್ಯಾನೇಜರ್ ಕನ್ನಡಕ ಏರಿಸಿ ನೋಡಿದರು. “ಎಲ್ಲಾ ಚೆನ್ನಾಗಿದೆ ಕಣ್ರಿ. ನಿಮ್ಮ ಮುಖ ಯಾಕೆ ಇಷ್ಟು ದೊಡ್ಡದು? ಗೇಟಿಗೆ ಅಂಟಿಸಿದ್ರೆ, ಪಾಪ ಯಾರೋ ಕಾಣೆಯಾಗಿದಾರೆ ಅನ್ಕೋತಾರೆ. ಮುಖ ತೆಗ್ದು ಅಲ್ಲಿ ಕಂಪನಿ ಹೆಸರು ಹಾಕಿ.”

ಗೆರೆಯಣ್ಣ ತನ್ನ ಮುಖ ತಾನೇ ಅಳಿಸಿದ. ಪೋಸ್ಟರ್ ಗೇಟಿಗೇರಿತು. ಅದನ್ನು ನಿಂತು ಓದುವಷ್ಟು ವ್ಯವಧಾನ ಅವನಿಗಿರಲಿಲ್ಲ, ಮನಸ್ಸು ಆಗಲೇ ಕಿಟಕಿಯ ಬಳಿ ಹೋಗಿ ಕೂತಿತ್ತು.

ದೇಹವನ್ನು ಮಾತ್ರ ಸ್ಟೋರಿನವರು ಹಿಡಿದುಕೊಂಡರು. ಕಂಪ್ಯೂಟರ್ ಒಪ್ಪಿಸಿದ್ದಾಯಿತು, ಗುರುತಿನ ಚೀಟಿ ಒಪ್ಪಿಸಿದ್ದಾಯಿತು. “ಸೇರಿದ ದಿನ ಒಂದು ಸ್ಕೇಲ್ ಕೊಟ್ಟಿದ್ವಲ್ಲ, ಎಲ್ಲಿ?” ಅಂದರು ಸ್ಟೋರಿನವರು. ಮೂರು ಮಹಡಿ ಜಾಲಾಡಿದ ಮೇಲೆ ಅದು ಟೀ ಕೋಣೆಯ ಬಾಗಿಲಿಗೆ ಒತ್ತುಕೊಟ್ಟು ನಿಂತಿರುವುದು ಕಂಡಿತು. ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಕಿಟಕಿ ಪರದೆ ಹೊಲಿದಾಯ್ತು. ಕೀ ಸಿಕ್ತಾ?”

“ದಾರೀಲಿದೀನಿ ಕಣೇ,” ಎಂದು ಸ್ಟೋರಿನಲ್ಲೇ ನಿಂತು ಸುಳ್ಳು ಹೇಳಿದ.

ಕೊನೆಗೆ ಬಿಟ್ಟಾಗ ಬಿದ್ದಂಬೀಳ ಓಡಿದ. ಅಜ್ಜಿಯ ಮನೆ ಮುಟ್ಟಿದಾಗ ಐದಕ್ಕೆ ಇನ್ನೂ ಆರು ನಿಮಿಷವಿತ್ತು. ಗೆದ್ದೆ ಅಂದುಕೊಂಡ.

“ಬೀಗದ ಕೈ ಆಗ್ಲೇ ಕೊಟ್ಟೆನಲ್ಲ ಮಗಾ!” ಅಂದರು ಅಜ್ಜಿ. “ನಿಮ್ಮೋರೇ ಬಂದಿದ್ರು. ಫೋನಲ್ಲಿ ಪೋಸ್ಟರ್ ತೋರಿಸಿದ್ರು. ಮೇಲೆ ಕಂಪನಿ ಹೆಸರು, ಕೆಳಗೆ ನಮ್ಮನೆ ವಿಳಾಸ. ನೀನೇ ಕಳಿಸಿದೀಯ ಅನ್ಕೊಂಡೆ.”

ಗೆರೆಯಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಕಿಟಕಿಯ ಬಳಿ, ಅವನ ಮೇಜಿನ ಮುಂದೆ, ಮ್ಯಾನೇಜರ್ ಬೆವರೊರೆಸುತ್ತ ಕೂತಿದ್ದರು.

“ದೊಡ್ಡ ಸಾಹೇಬ್ರು ದಿಢೀರ್ ಅಂತ ಬಂದ್ಬಿಟ್ರು ಕಣ್ರಿ. ಗೇಟಲ್ಲಿ ಪೋಸ್ಟರ್ ನೋಡಿ, ‘ಭೇಷ್! ನಮ್ಮ ಕಂಪನೀದೇ ಸ್ವತಂತ್ರ ಸ್ಟುಡಿಯೋನಾ? ನಾಳೆ ಬಂದು ನೋಡ್ತೀನಿ’ ಅಂದ್ರು. ಅಲ್ಲ ಸಾರ್ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ.”

ಗೆರೆಯಣ್ಣನಿಗೆ ಕೆಂಡದಂಥ ಕೋಪ ಬಂತು. ಅದರ ಬೆನ್ನಿಗೇ, ದರಿದ್ರ, ಕನಿಕರವೂ ಬಂತು. ಆ ರೋಗದ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು.

“ನಿಮ್ಮ ರಾಜೀನಾಮೆ ಹರಿದು ಹಾಕಿದೀನಿ,” ಮ್ಯಾನೇಜರ್ ಅವನ ಕೈ ಹಿಡಿದುಕೊಂಡರು. “ಈ ಸ್ಟುಡಿಯೋಗೆ ನೀವೇ ಮುಖ್ಯಸ್ಥರು. ಕೋಣೆ ನಿಮ್ದು, ಕಿಟಕಿ ನಿಮ್ದು, ಪೂರ್ತಿ ಸ್ವಾತಂತ್ರ್ಯ! ಬೆಳಿಗ್ಗೆ ಸರಿಯಾಗಿ ಒಂಬತ್ತೂವರೆಗೆ ಬಂದು ಹಾಜರಿ ಹಾಕಿದ್ರೆ ಆಯ್ತು.”

ಈಗಲಾದರೂ ಆಗಲ್ಲ ಅಂದೇಬಿಡಬೇಕು. ಗೆರೆಯಣ್ಣ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ.

“ಒಂಬತ್ತೂಕಾಲಿಗೇ ಬಂದಿರ್ತೀನಿ ಸಾರ್,” ಅಂದಿತು ಬಾಯಿ.