ಒಬ್ಬ ಮೇಷ್ಟ್ರು ಇದ್ದರಂತೆ

ಎಲ್ಲಾ ಅನಾಹುತಕ್ಕೂ ಕಾರಣ ಆ ಗಂಟೆ. ಭದ್ರಾವತಿ ಹಳೇ ಊರಿನ ಖಾಸಗಿ ಹೈಸ್ಕೂಲಿನ ಜವಾನ ಅವತ್ತು ಊಟದ ಗಂಟೆಯನ್ನು ಎರಡೇ ನಿಮಿಷ ತಡವಾಗಿ ಬಾರಿಸಿದ್ದರೆ ಷಡಕ್ಷರಪ್ಪ ಮೇಷ್ಟ್ರು ಸಾಯುತ್ತಿರಲಿಲ್ಲ.

ಮೇಷ್ಟ್ರು ಆ ಶಾಲೆಯಲ್ಲಿ ಏಳೆಂಟು ವರ್ಷದಿಂದ ಟೆಂಪರರಿ. ಕನ್ನಡ ಪಾಠದಲ್ಲಿ ಹೆಸರು ಮಾಡಿದ್ದರು, ಆದರೆ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಬೇಸಿಗೆ ರಜೆಗೆ ಸಂಬಳವಿಲ್ಲ. ಟೆಂಪರರಿ ಮನುಷ್ಯನಿಗೆ ಮನೆ ಬಾಡಿಗೆಗೆ ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರು. ಹೆಂಡತಿ ಕಲ್ಲಮ್ಮ ದೇವರ ಮುಂದೆ ಬೇಡುತ್ತಿದ್ದದ್ದು ಒಂದೇ, ಇವರ ಕೆಲಸ ಕಾಯಂ ಆಗಲಿ ಅಂತ. ಅವತ್ತು ಅರ್ಧ ದಿನ ರಜೆ ಹಾಕಿ, ಶಿವಮೊಗ್ಗದ ವಿದ್ಯಾ ಇಲಾಖೆ ಕಚೇರಿಯಲ್ಲಿ ಒಂದು ಮಾತು ಕೇಳಿ ಬರುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು.

ಹೊರಡುವ ಮುಂಚಿನ ಪಾಠ, ಕತೆಯ ಕೊನೆ ಹೇಗಿರಬೇಕು ಎಂಬುದು.

"ಓದೋನು ಒಂದು ಅಂದ್ಕೊಂಡಿರ್ತಾನೆ, ಆಗೋದೇ ಇನ್ನೊಂದು. ಇದಕ್ಕೆ ಸನ್ನಿವೇಶದ ವ್ಯಂಗ್ಯ ಅಂತಾರೆ," ಎಂದರು ಮೇಷ್ಟ್ರು. ಹಿಂದಿನ ಬೆಂಚು ಆಕಳಿಸಿತು. ಹಸಿದ ಹೊಟ್ಟೆಗೆ ವ್ಯಂಗ್ಯ ರುಚಿಸೀತೆ? ಮೇಷ್ಟ್ರು ಉಪಾಯ ಬದಲಿಸಿದರು.

"ಸರಿ, ಕತೆ ಕೇಳಿ. ಒಂದೂರಲ್ಲಿ ಒಬ್ಬ ಮೇಷ್ಟ್ರು ಇದ್ರಂತೆ."

"ಹೆಸ್ರೇನು ಸಾರ್?"

"ಷಡಕ್ಷರಪ್ಪ ಅಂತಾನೇ ಇಟ್ಕೊಳ್ಳಿ." ಕ್ಲಾಸು ನೆಟ್ಟಗೆ ಕೂತಿತು. "ಷಡಕ್ಷರಪ್ಪ ಮೇಷ್ಟ್ರು ಶಿವಮೊಗ್ಗ ಬಸ್ಸು ಹತ್ತಿದ್ರಂತೆ. ಕೆರೆ ಏರಿ ಮೇಲೆ ಬ್ರೇಕು ಹಿಡೀಲಿಲ್ವಂತೆ. ಬಸ್ಸು ಸೀದಾ ಕೆರೆಗೆ ಬಿತ್ತಂತೆ. ಒಳಗಿದ್ದೋರು ಒಬ್ರೂ ಉಳೀಲಿಲ್ವಂತೆ. ಆದ್ರೆ..."

ಢಣ್ ಎಂದಿತು ಗಂಟೆ.

ಮೇಷ್ಟ್ರು ಎಲೆಯಡಿಕೆಗೆಂದು ದಾರಿಯಲ್ಲಿ ಇಳಿದಿದ್ದರು, ಬಸ್ಸು ಅವರನ್ನು ಬಿಟ್ಟು ಹೋಗಿತ್ತು ಎಂಬುದು ಕತೆಯ ಕೊನೆ. ಆದರೆ ಮಕ್ಕಳು ಆಗಲೇ ಬಾಗಿಲಲ್ಲಿದ್ದವು. "ಕೊನೆ ಏನಾಯ್ತು ಅಂತ ನೀವೇ ಯೋಚ್ನೆ ಮಾಡಿ, ನಾಳೆ ಹೇಳ್ತೀನಿ!" ಎಂದು ಕೂಗಿ ಮೇಷ್ಟ್ರು ಕೊಡೆ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದರು.

ನಮ್ಮ ಭಾಷೆಯಲ್ಲಿ ಇದೊಂದು ತೊಡಕು. ಕತೆಗೂ ಅಂತೆ, ಸುದ್ದಿಗೂ ಅಂತೆ. ಮಕ್ಕಳು ಅನ್ನ ಕಲಸುತ್ತಾ, "ಷಡಕ್ಷರಪ್ಪ ಮೇಷ್ಟ್ರ ಬಸ್ಸು ಕೆರೆಗೆ ಬಿತ್ತಂತೆ ಕಣಮ್ಮಾ, ಒಬ್ರೂ ಉಳೀಲಿಲ್ವಂತೆ," ಎಂದವು. ಇದು ಪಾಠವೆಂದು ಯಾವ ತಾಯಿ ಎಣಿಸಿಯಾಳು? ಪಕ್ಕದ ಮನೆ ಕಾಶಮ್ಮ, "ಅಯ್ಯೋ ಮಾರಾಯ್ತಿ, ಬಸ್ಸಿಗೆ ಓಡ್ತಿದ್ದದ್ದು ನಾನೇ ಕಣ್ಣಾರೆ ನೋಡ್ದೆ!" ಎಂದು ಎದೆ ಬಡಿದುಕೊಂಡು ಕಲ್ಲಮ್ಮನ ಮನೆಗೆ ನುಗ್ಗಿದಳು. ಸುದ್ದಿ ಎರಡು ಬೀದಿ ದಾಟುವಷ್ಟರಲ್ಲಿ ಬಾಲದ ಅಂತೆ ಉದುರಿಹೋಗಿತ್ತು. ಹೆಡ್ಮಾಸ್ಟ್ರು ಶಾಲೆಗೆ ರಜೆ ಕೊಟ್ಟರು. ರಜೆ ಸಿಕ್ಕ ಮೇಲೂ ಅದು ಬರೀ ಕತೆ ಸಾರ್ ಎನ್ನುವಷ್ಟು ದಡ್ಡ ಹುಡುಗ ಆ ಕ್ಲಾಸಿನಲ್ಲಿ ಒಬ್ಬನೂ ಇರಲಿಲ್ಲ.

ಅತ್ತ ಶಿವಮೊಗ್ಗದಲ್ಲಿ ಗುಮಾಸ್ತ ಮೇಷ್ಟ್ರ ಮಾತು ಪೂರ್ತಿ ಕೇಳಲೂ ಇಲ್ಲ. "ಕಾಯಂ ಮಾಡೋದು ನಿಮ್ಮ ಕಮಿಟಿ ಅಧ್ಯಕ್ಷರು ಮಾರಾಯ್ರೆ, ಇಲ್ಲಿಗ್ಯಾಕೆ ಬಂದ್ರಿ?" ಎಂದು ಕಾಫಿಗೆ ಎದ್ದುಹೋದ. ಮೇಷ್ಟ್ರು ಸೋತ ಮೋರೆ ಹೊತ್ತು ಹತ್ತಿದ ವಾಪಸ್ ಬಸ್ಸು ಶಿವಮೊಗ್ಗದ ಅಂಚಿನ ವಿದ್ಯಾನಗರ ದಾಟಿ ಸ್ವಲ್ಪ ದೂರಕ್ಕೇ ಟಯರು ಒಡೆದು ನಿಂತಿತು. ಸಂಜೆಯ ಬಸ್ಸು ಬರದಿದ್ದದ್ದು ಭದ್ರಾವತಿಯವರಿಗೆ ಸಾಕ್ಷಿಗಿಂತ ಹೆಚ್ಚಾಯಿತು.

ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಊರಲ್ಲಿ ಇಳಿದರು. ಎದುರಿಗೆ ಸೈಕಲ್ ಶಾಪಿನ ಅಬ್ದುಲ್ ವಹಾಬ್ ಮುಚ್ಚಿದ ಬಾಗಿಲ ಮುಂದೆ ತಲೆಗೆ ಕೈಹೊತ್ತು ಕೂತಿದ್ದರು.

"ಏನ್ ವಹಾಬ್ ಸಾಹೇಬ್ರೆ, ಇಷ್ಟು ಬೇಗ ಅಂಗಡಿ ಬಂದ್ ಮಾಡಿದ್ದೀರಿ?"

"ಮೇಷ್ಟ್ರು ಹೋಗ್ಬಿಟ್ರು, ಅದಕ್ಕೇ..." ಎನ್ನುತ್ತಾ ತಲೆ ಎತ್ತಿದ ವಹಾಬ್, "ಯಾ ಅಲ್ಲಾ!" ಎಂದು ಬಾಗಿಲಿಗೇ ಅಂಟಿಕೊಂಡರು. ಮೇಷ್ಟ್ರ ಕೈ ಚಿವುಟಿ ನೋಡಿದ ಮೇಲೆಯೇ ಅವರಿಗೆ ಪೂರ್ತಿ ಮಾತು ಬಂದದ್ದು. "ಶಾಲೆಗೆ ಓಡಿ ಮೇಷ್ಟ್ರೆ, ಅಲ್ಲಿ ನಿಮ್ಮ ಶೋಕಸಭೆ ನಡೀತಾ ಇದೆ!"

ಶೋಕಸಭೆಗೆ ಹೆಣ ಬರುವವರೆಗೆ ಕಾಯಬೇಕಿತ್ತು ನಿಜ. ಆದರೆ ಅಧ್ಯಕ್ಷ ಮುರುಗೇಶಪ್ಪನವರು ಬೆಳಗ್ಗೆ ಬೆಂಗಳೂರಿಗೆ ಹೊರಡುವವರು, ಮತ್ತು ಭಾಷಣದ ಅವಕಾಶ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಮೇಷ್ಟ್ರು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಾಗ ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಂಥ ರತ್ನವನ್ನು ನಾವು ಟೆಂಪರರಿ ಆಗಿ ಇಟ್ಟುಕೊಂಡಿದ್ದೆವಲ್ಲ! ಇಗೋ, ಕಮಿಟಿ ಒಮ್ಮತದಿಂದ ಷಡಕ್ಷರಪ್ಪನವರನ್ನು ಹೋದ ತಿಂಗಳಿಂದಲೇ ಕಾಯಂ ಮಾಡಿದೆ!"

ಎಷ್ಟು ವರ್ಷದ ಹರಕೆ! ಮೇಷ್ಟ್ರು ಎಲ್ಲರ ಜೊತೆ ತಾವೂ ಚಪ್ಪಾಳೆ ತಟ್ಟುತ್ತಾ ಒಳಗೆ ನುಗ್ಗಿ, "ಬಹಳ ಉಪಕಾರ ಆಯ್ತು ಸಾರ್!" ಎಂದು ಕೈಮುಗಿದರು.

ಎರಡು ಬೆಂಚು ಉರುಳಿದವು. ಗದ್ದಲ ಅಡಗಿ, ಕತೆಯ ಪಾಠದ ವಿಚಾರ ಹೊರಬಿದ್ದ ಮೇಲೆ ಮುರುಗೇಶಪ್ಪನವರ ಮುಖ ಗಂಟಾಯಿತು. ತಮ್ಮ ಕಣ್ಣೀರು ದಂಡವಾದದ್ದನ್ನು ಅವರು ಸುಲಭಕ್ಕೆ ಕ್ಷಮಿಸುವವರಲ್ಲ.

"ನೋಡಿ ಮೇಷ್ಟ್ರೆ, ಆ ನಿರ್ಣಯ ತೀರಿಕೊಂಡ ಷಡಕ್ಷರಪ್ಪನವರದ್ದು. ನೀವು ತೀರಿಕೊಂಡಿಲ್ಲ. ಅದು ರದ್ದು."

"ಹೋಗ್ಲಿ ಸಾರ್. ಹಳೇ ಟೆಂಪರರಿ ಕೆಲಸಕ್ಕೆ ನಾಳೆ ಬರ್ತೀನಿ."

ಹೆಡ್ಮಾಸ್ಟ್ರು ಕೆಮ್ಮಿದರು. "ಪಾಠ ನಿಲ್ಲಬಾರದಲ್ಲ, ಆ ಜಾಗಕ್ಕೆ ಮಧ್ಯಾಹ್ನವೇ ವೆಂಕಟಾಚಲ ಅಂತ ಒಬ್ಬರನ್ನ ತಗೊಂಡ್ವಿ. ಅಧ್ಯಕ್ಷರ ಸ್ನೇಹಿತರ ಮಗ. ಮೇಲಾಗಿ, ಮಕ್ಕಳಿಗೆ ಸುಳ್ಳು ಸುದ್ದಿ ಕಲಿಸೋರನ್ನ ಹೇಗೆ ಇಟ್ಕೊಳ್ಳೋದು ಹೇಳಿ?"

ಮೇಷ್ಟ್ರು ಮನೆಯ ದಾರಿ ಹಿಡಿದರು. ಸತ್ತು ಗಳಿಸಿದ್ದೂ ಹೋಯಿತು, ಬದುಕಿ ಉಳಿಸಿಕೊಂಡಿದ್ದೂ ಹೋಯಿತು. ಕಲ್ಲಮ್ಮನಿಗೆ ಏನೆಂದು ಹೇಳುವುದು ಎಂದು ಅವರ ಕಾಲು ಭಾರವಾಗಿತ್ತು.

ನಡುಮನೆಯಲ್ಲಿ ಹೆಂಗಸರು ಕಲ್ಲಮ್ಮನ ಸುತ್ತ ಕೂತಿದ್ದರು. "ಹೆಣ ಬರ್ಲಿ, ಆಮೇಲೆ ಬಳೆ ತೆಗೆದ್ರಾಯ್ತು," ಎನ್ನುತ್ತಿದ್ದ ಕಾಶಮ್ಮ ಬಾಗಿಲಲ್ಲಿ ನಿಂತ ಆಕಾರ ಕಂಡು, "ದೆವ್ವ!" ಎಂದು ಚೀರಿದಳು. ಹಿತ್ತಿಲ ಬಾಗಿಲಿಂದ ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಓಡಿದರು.

ಕಲ್ಲಮ್ಮ ಓಡಲಿಲ್ಲ. "ದೆವ್ವ ಆದ್ರೂ ಆಗ್ಲಿ, ಬಂದ್ರಲ್ಲ!" ಎಂದು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. ಮೇಷ್ಟ್ರಿಗೂ ಅಳು ತಡೆಯಲಾಗಲಿಲ್ಲ. ಲೋಕದಲ್ಲಿ ತಾವು ಬದುಕಿ ಬಂದದ್ದಕ್ಕೆ ಸಂತೋಷಪಡುವ ಒಂದು ಜೀವವಾದರೂ ಇದೆಯಲ್ಲ ಎನಿಸಿತು.

ಅಳು ಹತೋಟಿಗೆ ಬಂದ ಮೇಲೆ ಕಲ್ಲಮ್ಮ ಎದ್ದು ಎರಡೂ ಬಾಗಿಲ ಚಿಲಕ ಹಾಕಿ, ದೀಪ ಸಣ್ಣದು ಮಾಡಿ, ಪಕ್ಕದಲ್ಲಿ ಬಂದು ಕೂತಳು.

"ರೀ, ಸಭೆಗೆ ಮುಂಚೆ ಹೆಡ್ಮಾಸ್ಟ್ರು ಬಂದಿದ್ರು. ನಿಮ್ಮನ್ನ ಕಾಯಂ ಮಾಡಿದ್ರಂತೆ. ಕಾಯಂ ಆದೋರು ಸತ್ರೆ ಹೆಂಡ್ತಿಗೆ ಕೆಲಸವಂತೆ, ನಂಗೆ ಶಾಲೇಲಿ ಆಯಾ ಕೆಲಸ ಕೊಡ್ತಾರಂತೆ, ಅದೂ ಕಾಯಂ. ಜೀವ ಇರೋವರೆಗೂ ಸಂಬಳ." ಅವಳ ದನಿ ಇನ್ನೂ ತಗ್ಗಿತು. "ಇವರೆಲ್ಲ ದೆವ್ವ ಅಂದ್ಕೊಂಡ್ರು, ತೊಂದ್ರೆ ಇಲ್ಲ. ದಾರೀಲಿ ಬೇರೆ ಯಾರಾದ್ರೂ ನಿಮ್ಮನ್ನ ನೋಡಿದ್ರಾ?"

"ಇಡೀ ಸಭೇನೇ ನೋಡ್ತು ಕಣೆ," ಎಂದರು ಮೇಷ್ಟ್ರು.

ಕಲ್ಲಮ್ಮ ಗೋಡೆಗೆ ಒರಗಿ ಮತ್ತೆ ಅಳತೊಡಗಿದಳು. ಮಧ್ಯಾಹ್ನ ಗಂಡ ಸತ್ತನೆಂದು ಕೇಳಿದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.