ಶ್ರೀಪಾದನ ತರಂಗವಿಜಯ

ಆಲಿಸಿರಿ, ಸಹೃದಯರೇ. ತಂತಿಗಳೆಲ್ಲ ಅಳಿದು, ಮನುಷ್ಯರು ಬರಿಯ ಗಾಳಿಯ ಮೂಲಕವೇ ಜಗಳವಾಡತೊಡಗಿದ ಈ ಕಲಿಯುಗದ ನಿಸ್ತಂತುಪರ್ವದಲ್ಲಿ, ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಅದೃಶ್ಯತರಂಗವಿಭಾಜಕನೂ ದುರ್ಬಲಸಂಕೇತಪರಿಪಾಲಕನೂ ಆದ ಶ್ರೀಪಾದನೆಂಬ ಸಂಶೋಧಕವೀರನಿದ್ದನು. ಒಂದೇ ರೇಡಿಯೋ ಅಲೆಗಾಗಿ ಹಲವು ಫೋನುಗಳು ಕಿತ್ತಾಡುವಾಗ, ಯಾವುದರ ಸಿಗ್ನಲ್ ಕ್ಷೀಣವೋ ಅದಕ್ಕೇ ಹೆಚ್ಚು ಪಾಲು ಕೊಡುವ ಯಂತ್ರವೊಂದನ್ನು ಅವನು ವರ್ಷಗಟ್ಟಲೆ ಘೋರತಪಸ್ಸು ಮಾಡಿ ನಿರ್ಮಿಸಿದ್ದನು. ಅಂದು ಬೆಳಿಗ್ಗೆ ಅವನ ಮನೆಯಲ್ಲೇ ಅದರ ಪರೀಕ್ಷೆ. ದೂರದೇಶದ ಮೂವರು ನಿರ್ಣಾಯಕರು ವಿಡಿಯೋ ಕರೆಯಲ್ಲಿ ಆಸೀನರಾಗಿದ್ದರು. ಅವರು ಒಪ್ಪದಿದ್ದರೆ ಯಂತ್ರ ಅಟ್ಟ ಸೇರುವುದು ಖಂಡಿತ.

ಕೋಟುಟೈಧಾರಿಯಾಗಿ, ಆದರೆ ಅವಸರದಲ್ಲಿ ಅಸ್ನಾತನಾಗಿ, ಅವನು ಗರ್ಜಿಸಿದನು:

"ಕೇಳಿರಿ, ಮಾನ್ಯರೇ! ನನ್ನ ಯಂತ್ರದ ರಾಜ್ಯದಲ್ಲಿ ದುರ್ಬಲನು ಹಸಿಯಲಾರನು! ಮೂಲೆಯಲ್ಲಿ ಕುಳಿತವನಿಗೇ ಮೊದಲ ತುತ್ತು! ಇಗೋ ನೋ—"

ಅಷ್ಟರಲ್ಲಿ ಪರದೆಯಲ್ಲಿ ಅವನ ಚಿತ್ರ ಬಾಯಿ ತೆರೆದಂತೆಯೇ ಸ್ತಂಭಿಸಿತು.

ಏಕೆಂದರೆ ದಪ್ಪಗೋಡೆಯ ಅಡುಗೆಮನೆಯಲ್ಲಿ, ಹಿತ್ತಾಳೆಪಾತ್ರೆಗಳ ಚಕ್ರವ್ಯೂಹದ ಹಿಂದೆ, ಅವನ ತಾಯಿ ಇಂದಿರಾಬಾಯಿಯವರು ಉಪ್ಪಿನಕಾಯಿ ಜಾಡಿಗೆ ಫೋನು ಒರಗಿಸಿಕೊಂಡು, ಧಾರವಾಡದ ತಂಗಿಯೊಡನೆ ವಿಡಿಯೋದಲ್ಲಿ ಪಾರಾಯಣ ಆರಂಭಿಸಿದ್ದರು. ಆ ಮನೆಯಲ್ಲಿ ಅದಕ್ಕಿಂತ ದುರ್ಬಲವಾದ ಸಿಗ್ನಲ್ ಇರಲಿಲ್ಲ. ಧರ್ಮನಿಷ್ಠ ಯಂತ್ರವು ಅಲೆಗಳನ್ನೆಲ್ಲ ಆ ತಾಯಿಗೇ ಧಾರೆಯೆರೆದು, ತನ್ನನ್ನು ಹುಟ್ಟಿಸಿದವನಿಗೆ ಚೂರೂ ಉಳಿಸಲಿಲ್ಲ. ಅದನ್ನು ನಿಲ್ಲಿಸೋಣವೆಂದರೆ ಪರೀಕ್ಷೆಯೇ ರದ್ದು.

ವೀರನು ಅಡುಗೆಮನೆಯತ್ತ ಧಾವಿಸಿದನು.

"ಅಮ್ಮಾ, ಫೋನ್ ತಗೊಂಡು ಹಾಲಿಗೆ ಬಾಮ್ಮಾ! ಯಂತ್ರದ ಹತ್ರ ಇದ್ರೆ ನಿನಗೆ ಸ್ವಲ್ಪ ಸಾಕಾಗತ್ತೆ, ಉಳಿದಿದ್ದು ನನಗೆ ಬರತ್ತೆ."

"ಮಡೀಲಿದ್ದೀನಿ ಕಣೋ, ಹಾಲಿಗೆಲ್ಲಿ ಬರ್ಲಿ?"

"ಹಾಗಾದ್ರೆ ನಾನೇ ಎತ್ಕೊಂಡ್ ಹೋಗ್ತೀನಿ."

"ಹೊಸ್ತಿಲಲ್ಲೇ ನಿಲ್ಲು! ಸ್ನಾನ ಆಗಿದ್ಯಾ ನಿಂದು? ನೈವೇದ್ಯದ ಅಡುಗೆ ಇದೆ ಇಲ್ಲಿ. ಒದ್ದೆ ಪಂಚೇಲಿ ಬಂದು ಮುಟ್ಟು, ಇಲ್ಲಾಂದ್ರೆ ಮುಗಿಯೋವರ್ಗೂ ಕಾಯಿ."

ಆಗ ಆ ತರಂಗವಿಭಾಜಕನು ಬಚ್ಚಲನ್ನು ಹೊಕ್ಕು, ಕೋಟನ್ನು ಗೂಟಕ್ಕೆ ನೇತುಹಾಕಿ, "ಎಲೈ ತಣ್ಣೀರೇ, ನಿನಗೆ ಶ್ರೀಪಾದನು ಬೆದರನು!" ಎಂದು ಅಬ್ಬರಿಸಿ, ನೀರು ಮೈಗೆ ಬಿದ್ದೊಡನೆ ಕೀರಲು ದನಿಯಲ್ಲಿ ಅಮ್ಮನನ್ನೇ ಕರೆದನು. ಬಳಿಕ ಆರ್ದ್ರವಸ್ತ್ರಪರಿವೇಷ್ಟಿತನಾಗಿ, ಜಲಬಿಂದುಖಚಿತವಕ್ಷನಾಗಿ, ವ್ಯೂಹವನ್ನು ಭೇದಿಸಿ, ಫೋನನ್ನು ಎರಡೂ ಕೈಗಳಲ್ಲಿ ಎತ್ತಿ ತಂದು ಹಾಲಿನಲ್ಲಿ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಸ್ಥಾಪಿಸಿದನು. ತಂಗಿಯ ದನಿ ಅಲ್ಲಿಂದಲೂ ಒಳಕ್ಕೆ ಕೇಳಿಸುತ್ತಿದ್ದುದರಿಂದ ಇಂದಿರಾಬಾಯಿಯವರು ಅಡುಗೆಮನೆಯಿಂದಲೇ ಪಾರಾಯಣ ಮುಂದುವರಿಸಿದರು.

ಬಂಧಮುಕ್ತವಾದ ಅಲೆಗಳು ಭೋರ್ಗರೆದು ಹರಿದವು. ಪರದೆಯಲ್ಲಿ ಬಾಯಿ ತೆರೆದಿದ್ದ ಕೋಟಿನ ಶ್ರೀಪಾದನು ಮಾಯವಾಗಿ, ಅವನ ಸ್ಥಾನದಲ್ಲಿ ನೀರು ಸುರಿಸುತ್ತಿರುವ ಬರಿಮೈಯ ಶ್ರೀಪಾದನು ಪ್ರತ್ಯಕ್ಷನಾದನು. ನಿರ್ಣಾಯಕರು ಮೂವರೂ ತಮ್ಮ ಪರದೆಗಳತ್ತ ಬಾಗಿದರು.

"ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ" ಎಂದರು ಅವರಲ್ಲಿ ಹಿರಿಯರು. "ಹಂಚಿಕೆ ಸರಿಹೋಗಲು ಏನು ಮಾಡಿದಿರಿ?"

"ಸ್ನಾನ" ಎಂದನು ವೀರನು, ಹಲ್ಲು ಕಟಕಟಿಸುತ್ತ.

ಮೂವರೂ ಪರಸ್ಪರ ಸಮಾಲೋಚಿಸಿ ಯಂತ್ರವನ್ನು ಒಪ್ಪಿದರು. ಬಳಕೆಯ ಸೂಚನೆಗಳಲ್ಲಿ ಸ್ನಾನವನ್ನೂ ಸೇರಿಸತಕ್ಕದ್ದು ಎಂದು ಮಾತ್ರ ಷರತ್ತು ಹಾಕಿದರು.